ಹಾಸಿಗೆ ಕಾಲಿನ ಹುಡುಗಿ

ನನಗೆ ಬದುಕಿನಲ್ಲಿ ಅತಿ ಹೆಚ್ಚು ಹೊಟ್ಟೆಕಿಚ್ಚು ಹುಟ್ಟಿಸಿದ ಹೆಣ್ಣಿನ ಮುಖವನ್ನು ನಾನು ಒಂದು ಸಲವೂ ನೋಡಿಲ್ಲ. ಅವಳ ಮುಖದ ಮೇಲೆ ಯಾವಾಗಲೂ ಕಬ್ಬಿಣದ ಜಾಳಿಗೆ ಇರುತ್ತಿತ್ತು. ಹೆಸರೂ ಗೊತ್ತಿಲ್ಲ. ಅಂಗಿಯ ಬೆನ್ನಿಗೆ ಬರೆದಿರುತ್ತಿತ್ತು, ಆದರೆ ನಾನು ಅಕ್ಷರ ಕೂಡಿಸುವಷ್ಟರಲ್ಲಿ ಅವಳು ತಿರುಗಿಬಿಡುತ್ತಿದ್ದಳು. ಅವಳ ದೇಶ ಎಲ್ಲಿದೆ ಎಂದು ಅಟ್ಲಾಸಿನಲ್ಲಿ ಹುಡುಕಿ, ಸಿಕ್ಕಿದ ಮೇಲೆ ಅದರ ನಟ್ಟನಡುವೆ ಬಾಲ್‌ಪೆನ್ನಿನಿಂದ ಒಂದು ತೂತು ಹಾಕಿದ್ದೆ. ಒಂಬತ್ತನೇ ಕ್ಲಾಸು ಮುಗಿಸಿದ ಹುಡುಗಿ ಮಾಡುವ ಕೆಲಸವಲ್ಲ ಅದು. ಆದರೆ ಅವಳು ನನ್ನ ಅಜ್ಜಿಯನ್ನು ಕಿತ್ತುಕೊಂಡಿದ್ದಳು. ನಾನು ಇನ್ನೇನು ಮಾಡಲಿ?

ನಮ್ಮದು ಎನ್.ಆರ್. ಪುರದ ಪೇಟೆ ಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಮನೆಯ ಹಿಂದೆ ಒಂದು ಬಾವಿ, ಬಟ್ಟೆ ಒಗೆಯುವ ಕಲ್ಲು, ಅಷ್ಟೇ. ಅಪ್ಪ ಮಳೆಗಾಲದ ಸಾಮಾನು ಮಾರುತ್ತಿದ್ದ: ಕೊಡೆ, ರೈನ್‌ಕೋಟು, ಗಂಬೂಟು, ಟಾರ್ಪಾಲು, ನೈಲಾನ್ ಹಗ್ಗ. ಅಜ್ಜಿ ಅಪ್ಪನ ತಾಯಿ. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಮಾತು. ಕೊಡೆ ಕೊಳ್ಳಲು ಬಂದ ಸೀತೂರಿನವರಿಗೂ ಗಂಬೂಟು ಕೊಳ್ಳಲು ಬಂದ ಎಸ್ಟೇಟಿನವರಿಗೂ ನನ್ನನ್ನು ಮುಂದೆ ನಿಲ್ಲಿಸಿ, “ಇವಳು ನಮ್ಮ ಹುಡುಗಿ” ಎನ್ನುತ್ತಿದ್ದಳು. ಮನೆಯಲ್ಲಿ ಇದ್ದ ಹುಡುಗಿಯೇ ನಾನೊಬ್ಬಳು, ಹಾಗಾಗಿ ಅದರಲ್ಲಿ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಆದರೂ ಆ ‘ನಮ್ಮ’ ಎನ್ನುವ ಮಾತು ಕೇಳಿದಾಗೆಲ್ಲ ನಾನು ಪೂರಿಯ ಹಾಗೆ ಉಬ್ಬುತ್ತಿದ್ದೆ.

ನಾನು ಎಂಟನೇ ಕ್ಲಾಸಿನಲ್ಲಿದ್ದ ಮಳೆಗಾಲದಲ್ಲಿ ಅಜ್ಜಿ ಒಗೆಯುವ ಕಲ್ಲಿನ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದಳು. ಅರವತ್ತು ವರ್ಷ ಅದೇ ಪಾಚಿಯ ಮೇಲೆ ಕೊಡ ಹೊತ್ತು ನಡೆದವಳು. ಕಾಲ ಬೆರಳಲ್ಲಿ ನೆಲ ಕಚ್ಚಿ ಹಿಡಿದು ಹೇಗೆ ನಡೆಯಬೇಕೆಂದು ನಮಗೆಲ್ಲ ಪಾಠ ಹೇಳುತ್ತಿದ್ದವಳು. ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಮಾಡಿ ಒಳಗೆ ರಾಡು ಹಾಕಿದರು. “ನಡೆದಷ್ಟೂ ಒಳ್ಳೆಯದು, ಕೂತರೆ ಕೂತೇ ಹೋಗ್ತೀರಿ” ಎಂದು ಡಾಕ್ಟರು ಒಂದು ವಾಕರ್ ಕೊಡಿಸಿ ಕಳಿಸಿದರು. ಅಜ್ಜಿ ಕೂತೇ ಬಿಟ್ಟಳು. ನಡುಮನೆಯಲ್ಲಿ ಟಿವಿಯ ಎದುರು ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡಳು. ಬಚ್ಚಲಿಗೆ ಹೋಗಬೇಕೆಂದರೂ ಅಮ್ಮನ ಹೆಗಲು ಬೇಕು. ಒಬ್ಬಳೇ ಏಳಲು ಹೇಳಿದರೆ ಕಣ್ಣಲ್ಲಿ ಭಯ ಕಾಣುತ್ತಿತ್ತು, ಬಾಯಲ್ಲಿ ಮಾತ್ರ, “ಎಂತಕ್ಕೆ ಏಳ್ಬೇಕು? ಏನು ನಾನು ಎದ್ದು ದೇಶ ಆಳ್ಬೇಕಾ?” ಅಮ್ಮ ಆ ವಾಕರಿನ ಮೇಲೆ ಟವೆಲು ಒಣಹಾಕತೊಡಗಿದಳು.

ನಾನು ಆಗಷ್ಟೇ ಶಾಲೆಯ ಕಬಡ್ಡಿ ತಂಡ ಸೇರಿದ್ದೆ. ಒಂಬತ್ತರಲ್ಲಿ ತಾಲೂಕು ಮಟ್ಟದ ಪಂದ್ಯ ನಮ್ಮೂರಿನ ಮೈದಾನದಲ್ಲೇ ನಡೆಯಿತು, ಮನೆಯಿಂದ ಐದು ನಿಮಿಷದ ದಾರಿ. ಅಜ್ಜಿ ನೋಡಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಆಟೋದವರ ಹತ್ತಿರ ನಾನೇ ಹೋಗಿ ಮಾತಾಡಿ ಬಂದಿದ್ದೆ. ಆಟೋದಿಂದ ಇಳಿಸಿ ಕುರ್ಚಿಯ ಸಮೇತ ಎತ್ತಿ ಗೆರೆಯ ಪಕ್ಕಕ್ಕೇ ಕೂರಿಸುವುದು ಎಂದೂ ಗೊತ್ತು ಮಾಡಿದ್ದೆ. ಅಜ್ಜಿ ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೂಗು ಮುರಿದು ಹೇಳಿದಳು:

“ಹುಡುಗೀರು ಚಡ್ಡಿ ಹಾಕ್ಕೊಂಡು ತೊಡೆ ತಟ್ಟೋದನ್ನ ನೋಡ್ಲಿಕ್ಕೆ ನಾನ್ಯಾಕೆ ಬರ್ಲಿ ಮಾರಾಯ್ತಿ?”

ನಮ್ಮ ಪಿ.ಟಿ. ಟೀಚರು ಚಡ್ಡಿಯ ವಿಷಯದಲ್ಲಿ ಕಟ್ಟುನಿಟ್ಟು. ಲಂಗ, ಚೂಡಿದಾರ ಎಲ್ಲ ಕಾಲಿಗೆ ಸಿಕ್ಕುತ್ತದೆ, ಆಡುವುದಾದರೆ ಚಡ್ಡಿ, ಇಲ್ಲದಿದ್ದರೆ ಮನೆಗೆ ಹೋಗಿ ಎನ್ನುತ್ತಿದ್ದರು. ಆ ದಿನ ನಾವು ಗೆದ್ದೆವು. ಮನೆಗೆ ಬಂದು ಹೇಳಿದರೆ ಅಜ್ಜಿ “ಹೌದಾ” ಎಂದಳು. ಅಷ್ಟೇ. ನಾನು ಊಟ ಮಾಡದೆ ಮಲಗಿದೆ, ಯಾರೂ ಎಬ್ಬಿಸಲೂ ಇಲ್ಲ.

ಎರಡು ಸಾವಿರದ ಏಳರ ಬೇಸಿಗೆ ರಜೆ. ಕೇಬಲ್ಲಿನ ಸಾಹೇಬರು ಬೀದಿಯಲ್ಲಿ ಹೊಸ ತಂತಿ ಎಳೆದ ಮೇಲೆ ಚಾನೆಲ್ಲುಗಳ ನಂಬರೆಲ್ಲ ಅದಲುಬದಲಾಯಿತು. ಅಜ್ಜಿಯ ಮಧ್ಯಾಹ್ನದ ಧಾರಾವಾಹಿ ಬರುತ್ತಿದ್ದ ನಂಬರಿಗೆ ಯಾವುದೋ ಸ್ಪೋರ್ಟ್ಸ್ ಚಾನೆಲ್ಲು ಬಂದು ಕೂತಿತ್ತು. ಅಮ್ಮ ಅಡುಗೆಮನೆಯಲ್ಲಿ, ರಿಮೋಟು ಟಿವಿಯ ಮೇಲೆ, ಅಜ್ಜಿ ಕುರ್ಚಿಯಲ್ಲಿ. ಏಳಲಾರದವಳು ಬಂದದ್ದನ್ನು ನೋಡಬೇಕು. ನಾನು ಪ್ರಾಕ್ಟೀಸು ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಕೂಗಿದಳು.

“ಬಾರೇ ಇಲ್ಲಿ, ಎಂತ ಇದು ನೋಡು. ಪಾಚಿ ಕಟ್ಟಿದ ಅಂಗಳದಲ್ಲಿ ಓಡ್ತಾ ಇದ್ದಾರೆ!”

“ಪಾಚಿ ಅಲ್ಲ ಅಜ್ಜಿ, ಐಸು. ಐಸ್ ಹಾಕಿ ಅಂತ.”

“ಐಸೋ ಪಾಚಿಯೋ, ಜಾರೋದು ಜಾರೋದೇ. ಕಾಲಿಗೆ ಮೆಟ್ಟುಗತ್ತಿ ಬೇರೆ ಕಟ್ಕೊಂಡಿದ್ದಾರೆ. ಈ ಹುಡುಗೀರಿಗೆ ಮನೇಲಿ ಹೇಳೋರು ಕೇಳೋರು ಇಲ್ವಾ?”

ಅವರು ಹುಡುಗಿಯರೆಂದು ನನಗೆ ಗೊತ್ತಾಗಿರಲಿಲ್ಲ. ಹೆಗಲಿಂದ ಪಾದದ ತನಕ ಮೆತ್ತೆ ತುಂಬಿದ ಬಟ್ಟೆ, ತಲೆಗೆ ಟೊಪ್ಪಿ. ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅಜ್ಜಿ ನನ್ನನ್ನು ದಡ್ಡಿ ಎನ್ನುವ ಹಾಗೆ ನೋಡಿ, “ಟೊಪ್ಪಿ ಕೆಳಗೆ ಜಡೆ ನೇತಾಡೋದು ಕಾಣಲ್ವಾ?” ಎಂದಳು. ಕಾಣುತ್ತಿತ್ತು. ಅದು ದೇಶದೇಶಗಳ ನಡುವಿನ ಹೆಂಗಸರ ಪಂದ್ಯಾವಳಿ, ದಿನಾ ಮಧ್ಯಾಹ್ನ ಒಂದೊಂದು ಪಂದ್ಯ ಹಾಕುತ್ತಿದ್ದರು. ಆಟ ಶುರುವಾಗುವ ಮೊದಲು ಬಾವುಟ, ರಾಷ್ಟ್ರಗೀತೆ. ಅಜ್ಜಿ ಆ ಹೊತ್ತಿಗೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಿದ್ದಳು, ಯಾವ ದೇಶದ ಗೀತೆಯಾದರೂ.

ಸಾಹೇಬರು ಮರುದಿನ ಬಂದು ನಂಬರು ಸರಿಮಾಡಿಕೊಟ್ಟರು. ಧಾರಾವಾಹಿ ತಿರುಗಿ ಸಿಕ್ಕಿತು. ಆದರೆ ಎರಡು ಗಂಟೆ ಹೊಡೆದದ್ದೇ ಅಜ್ಜಿ ನನ್ನನ್ನು ಕರೆದು, “ಆ ಜಾರೋ ಆಟ ಹಾಕೇ” ಎಂದಳು.

ಎರಡೇ ದಿನಗಳಲ್ಲಿ ಆಟದ ಸಂಗತಿಗಳನ್ನೆಲ್ಲ ಅವಳೇ ಕಂಡುಕೊಂಡಳು. ಚೆಂಡಿಲ್ಲ, ಕರಿ ಬಿಲ್ಲೆ. ನಡುನಡುವೆ ಎರಡು ಸಲ ಕಾಫಿಗೆ ಬಿಡುತ್ತಾರೆ. ಆಗ ದೊಡ್ಡದೊಂದು ಗಾಡಿ ಬಂದು ನೆಲ ಒರೆಸಿ ಹೋಗುತ್ತದೆ. ಆ ಗಾಡಿಯೆಂದರೆ ಅಜ್ಜಿಗೆ ಪ್ರಾಣ. “ನೋಡೇ, ಅವರಲ್ಲಿ ನೆಲ ಒರೆಸ್ಲಿಕ್ಕೂ ಗಂಡಸರು ಕೂತ್ಕೊಂಡು ಹೋಗ್ತಾರೆ” ಎಂದು ಅಮ್ಮನನ್ನು ಕರೆದು ತೋರಿಸಿದಳು. ತಪ್ಪು ಮಾಡಿದವರನ್ನು ಪಕ್ಕದ ಗಾಜಿನ ಗೂಡಿನಲ್ಲಿ ಎರಡು ನಿಮಿಷ ಕೂರಿಸುತ್ತಾರೆ. “ಇವಳನ್ನೂ ಹಾಗೆ ಕೂರಿಸ್ಬೇಕು” ಎಂದು ನನ್ನ ಕಡೆ ಕೈ ತೋರಿಸಿದಳು. ಮೊದಲ ದಿನ ನಾನೂ ನಕ್ಕೆ.

ಮೂರನೇ ದಿನ ನೀಲಿ ಅಂಗಿಯವರು ಬಂದರು. ಅವರ ಗೋಲಿನಲ್ಲಿ ಆ ಹುಡುಗಿ ನಿಂತಿದ್ದಳು. ಎರಡೂ ಕಾಲಿಗೆ ಮಂಡಿಯ ಮೇಲಿನ ತನಕ ದಪ್ಪ ಮೆತ್ತೆಗಳು, ಮದುವೆ ಮನೆಯಲ್ಲಿ ಸುರುಳಿ ಸುತ್ತಿಟ್ಟ ಹಾಸಿಗೆಗಳ ಹಾಗೆ. “ಈ ಹಾಸಿಗೆ ಕಾಲಿನ ಹುಡುಗಿಗೆ ಎಷ್ಟು ಹೊಡೀತಾರೆ ಮಾರಾಯ್ತಿ” ಎಂದು ಅಜ್ಜಿ ಲೊಚಗುಟ್ಟಿದಳು. ನಿಜವಾಗಿಯೂ ಹೊಡೆಯುತ್ತಿದ್ದರು. ಎದುರಿನವರು ಕೆಂಪು ಅಂಗಿಯ ಬಲಶಾಲಿಗಳು. ಬಿಲ್ಲೆ ಬಂದಾಗೆಲ್ಲ ಅವಳು ಎರಡೂ ಮಂಡಿಯೂರಿ, ಕಾಲು ಎರಡೂ ಬದಿಗೆ ಚಾಚಿ ದೊಪ್ಪನೆ ಬೀಳುವಳು. ಬಿಲ್ಲೆ ತಡೆದು ಮತ್ತೆ ಏಳುವಳು. ಬೀಳುವಳು, ಏಳುವಳು. ಅಜ್ಜಿ ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದು ಮುಂದಕ್ಕೆ ಬಾಗಿ, “ಏಳು, ಏಳು, ಏಳು ಮಗಾ” ಎನ್ನುತ್ತಿದ್ದಳು. ಕುರ್ಚಿ ಕಿರ್ರೆನ್ನುತ್ತಿತ್ತು.

ಆಟ ಮುಗಿದ ಮೇಲೆ ಅಂಗಡಿಯಿಂದ ಅಪ್ಪ ಒಳಗೆ ಬಂದ. ಅಜ್ಜಿ ಅವನಿಗೆ ಹೇಳಿದಳು: “ನಮ್ಮ ಹುಡುಗಿ ಇವತ್ತು ಎಷ್ಟು ತಡೆದಳು ಗೊತ್ತಾ!”

ಅಪ್ಪ ನನ್ನ ಮುಖ ನೋಡಿದ. ಪ್ರಾಕ್ಟೀಸಿನ ವಿಷಯ ಎಂದುಕೊಂಡ, ಪಾಪ. ಅಜ್ಜಿ ಟಿವಿಯ ಕಡೆ ತೋರಿಸಿದಳು.

ಹೊಟ್ಟೆಯುರಿ ಎನ್ನುವುದು ಬರಿಯ ಮಾತಲ್ಲ, ಎದೆಯ ಕೆಳಗೆ ನಿಜವಾಗಿ ಬೆಂಕಿ ಬಿದ್ದಂತಾಗುತ್ತದೆ ಎಂದು ನನಗೆ ಅವತ್ತು ತಿಳಿಯಿತು. ನಾನೂ ಬೀಳುತ್ತಿದ್ದೆ. ಮಂಡಿಯ ಚರ್ಮ ಕಿತ್ತು ಬಂದು, ರಾತ್ರಿ ಲಂಗ ಅಂಟಿಕೊಂಡು, ಬೆಳಿಗ್ಗೆ ಬಿಸಿನೀರು ಹಾಕಿ ಬಿಡಿಸಿಕೊಳ್ಳುತ್ತಿದ್ದೆ. ಅವಳಿಗೋ ಒಂದು ಗೀರೂ ಆಗುತ್ತಿರಲಿಲ್ಲ, ಹಾಸಿಗೆಯ ಮೇಲೆ ಬೀಳುವವಳಿಗೆ ಏನಾಗುತ್ತದೆ? ನಾನು ಗೆದ್ದು ಬಂದಾಗ “ಹೌದಾ” ಎಂದವಳು, ಮೂರು ಗೋಲು ಹೊಡೆಸಿಕೊಂಡವಳಿಗೆ “ನಮ್ಮ ಹುಡುಗಿ” ಎನ್ನುತ್ತಾಳೆ. ಒಂದು ಸಂಜೆ ಟಿವಿಯ ಗಾಜಿನ ಮೂಲೆಯಲ್ಲಿ ಬೆರಳಗಲ ವಿಭೂತಿ ಕಂಡಿತು. ಅಮ್ಮನ ಕೈಯಲ್ಲಿ ಹಚ್ಚಿಸಿದ್ದಳು, ಮರುದಿನದ ಪಂದ್ಯಕ್ಕೆ. ನನ್ನ ಪರೀಕ್ಷೆಗೆ, ನನ್ನ ಆಟಕ್ಕೆ ಅಜ್ಜಿ ಹಚ್ಚಿದ ವಿಭೂತಿಯನ್ನು ನಾನು ಎಣಿಸಿ ನೋಡಿದೆ. ಕಡಿಮೆಯೇನೂ ಇರಲಿಲ್ಲ. ಆದರೂ ಅಂಗೈಯಿಂದ ಅದನ್ನು ಒರೆಸಿಬಿಟ್ಟೆ.

ಯೋಚಿಸಿ ಯೋಚಿಸಿ ಕಾರಣವನ್ನೂ ಕಂಡುಕೊಂಡೆ. ಬಟ್ಟೆ! ಆ ಹುಡುಗಿಯ ಮೈಯಲ್ಲಿ ಕಾಣುವುದೆಂದರೆ ಜಡೆಯ ತುದಿ ಮಾತ್ರ. ನಾನು ಚಡ್ಡಿಯವಳು. ಅಜ್ಜಿಗೆ ಮೈತುಂಬ ಬಟ್ಟೆ ಹಾಕಿ ಆಡುವ ಹುಡುಗಿ ಬೇಕು. ಅದಕ್ಕಿಂತ ಬೇರೆ ಕಾರಣ ನನಗೆ ಹೊಳೆಯಲೇ ಇಲ್ಲ.

ನೀಲಿಯವರ ಮುಂದಿನ ಪಂದ್ಯದ ದಿನ. ಅಜ್ಜಿ ಒಂದೂವರೆಗೇ ಊಟ ಮುಗಿಸಿದ್ದಳು. ಅವಳಿಗೆಂದು ಅಮ್ಮ ಮಾಡಿದ ತಂಬಿಟ್ಟಿನಲ್ಲಿ ಒಂದನ್ನು ಬಾಳೆಲೆಯ ತುಂಡಿನಲ್ಲಿ ತೆಗೆದಿಟ್ಟಿದ್ದಳು. ಅಜ್ಜಿ ಹಾಗೆ ತೆಗೆದಿಡುವುದು ನನಗೆ. ನಾನು ಕೈ ಹಾಕಲು ಹೋದರೆ, “ತಡಿ, ಕಾಫಿಗೆ ಬಿಟ್ಟಾಗ ತಿನ್ನೋಣ, ಅವಳು ಅಲ್ಲಿ ಪೆಟ್ಟು ತಿನ್ತಾ ಇರ್ಬೇಕಾದ್ರೆ ನಾವಿಲ್ಲಿ ಬಾಯಾಡಿಸೋದಾ?” ಎಂದಳು. ನನ್ನ ಕೈ ಅಲ್ಲೇ ನಿಂತಿತು.

“ಇವತ್ತು ಅವಳು ಬರಲ್ಲ ಅಜ್ಜಿ” ಎಂದೆ. ಯೋಚನೆಯೇ ಮಾಡದೆ ಬಾಯಿಂದ ಹೊರಟಿತು. “ಪೇಪರಲ್ಲಿ ಬಂದಿದೆ. ಬಿದ್ದು ಕಾಲು ಮುರ್ಕೊಂಡ್ಲಂತೆ.”

ಅಜ್ಜಿ ಬಾಳೆಲೆಯ ಅಂಚನ್ನು ತಂಬಿಟ್ಟಿನ ಮೇಲೆ ಮಡಿಸಿದಳು. ಆಮೇಲೆ ಕೇಳಿದಳು: “ಯಾವ ಕಾಲು?”

“ಬಲಗಾಲು.” ಅಜ್ಜಿಯ ಸೊಂಟ ಮುರಿದದ್ದೂ ಬಲಗಡೆಯೇ. ಬೇರೆ ಕಾಲು ಹೇಳಬಹುದಿತ್ತು, ಹೇಳಲಿಲ್ಲ.

“ಬದಲಿಸು” ಎಂದಳು. ನಾನು ಧಾರಾವಾಹಿ ಹಾಕಿದೆ. ಅಜ್ಜಿ ಅದನ್ನೂ ನೋಡಲಿಲ್ಲ. ತಂಬಿಟ್ಟನ್ನು ನನ್ನ ಕಡೆ ದೂಡಿದಳು. ನಾನು ತಿಂದೆ. ಪೂರ್ತಿ ತಿಂದೆ. ಅಜ್ಜಿ ಕುರ್ಚಿಯಲ್ಲೇ ನಿದ್ದೆ ಹೋದ ಮೇಲೆ ದನಿ ಸಣ್ಣಗೆ ಮಾಡಿ ಆ ಚಾನೆಲ್ಲು ಹಾಕಿ ನೋಡಿದರೆ, ಅವಳು ಎರಡೂ ಹಾಸಿಗೆ ಕಟ್ಟಿಕೊಂಡು ಗಟ್ಟಿಮುಟ್ಟಾಗಿ ನಿಂತಿದ್ದಳು. ನಾನು ಅವಳನ್ನು ನುಂಗುವ ಹಾಗೆ ನೋಡಿದೆ. ಒಂದಾದರೂ ಬಿಲ್ಲೆ ಅವಳ ಕಾಲಸಂದಿಯಿಂದ ಒಳಗೆ ಹೋಗಲಿ ಎಂದು ಕಾದೆ.

ಅದಾಗಿ ಮೂರು ದಿನಕ್ಕೆ, ಸೊಪ್ಪು ಬಿಡಿಸುತ್ತ ಅಮ್ಮ ಅಂದಳು: “ಅಜ್ಜಿಗೆ ಎಂಥ ಆಯ್ತು ಗೊತ್ತಿಲ್ಲ ಮಾರಾಯ್ತಿ. ಮೊನ್ನೆವರೆಗೆ ಚೆನ್ನಾಗಿ ಏಳ್ತಾ ಇದ್ರು. ನೀನು ಪ್ರಾಕ್ಟೀಸಿಗೆ ಹೋದಾಗ ಅದೇ ಆಟ ಇನ್ನೊಂದ್ಸಲ ಹಾಕ್ತಾರಲ್ಲ, ಆಗ ನನ್ನ ಹತ್ರ ವಾಕರ್ ತರ್ಸಿ ಇಟ್ಕೊಂಡು, ಆ ಹುಡುಗಿ ಬಿದ್ದು ಎದ್ದಾಗೆಲ್ಲ ಇವರೂ ಏಳೋದು. ಒಂದಿನ ಒಬ್ರೇ ನಿಂತಿದ್ರು. ಈಗ ಆ ಆಟವೂ ಬೇಡ, ಏಳೋದೂ ಬೇಡ ಅಂತ ಕೂತ್ಬಿಟ್ಟಿದ್ದಾರೆ.”

ಅದೇ ನಿಮಿಷ ಒಳಗೆ ಹೋಗಿ, “ಸುಳ್ಳು ಹೇಳಿದೆ ಅಜ್ಜಿ, ಅವಳಿಗೆ ಏನೂ ಆಗಿಲ್ಲ” ಎಂದು ಹೇಳಬೇಕಿತ್ತು. ಹೇಳಲಿಲ್ಲ. ಹೆದರಿಕೆಯಿಂದ ಎಂದರೆ ನನಗೇ ಸಮಾಧಾನ, ಆದರೆ ಅದು ನಿಜವಲ್ಲ. ನನ್ನ ಆಟಕ್ಕೆ ಆಟೋ ಹತ್ತಲು ಒಪ್ಪದವಳು ಅವಳಿಗಾಗಿ ಎದ್ದು ನಿಂತಿದ್ದಳು, ಅದೂ ನಾನಿಲ್ಲದ ಹೊತ್ತು ನೋಡಿಕೊಂಡು. ಕೂರಲಿ ಹಾಗಾದರೆ ಎನ್ನಿಸಿತು. ಸೊಪ್ಪಿನ ಕಡ್ಡಿಗಳನ್ನು ಆರಿಸಿ ಎಸೆದು ಬಂದೆ.

ಅಜ್ಜಿ ಮಾತ್ರ ಬಿಡಲಿಲ್ಲ. ಜೂನ್, ಜುಲೈ, ಮಳೆ ಹಿಡಿದು ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳಲ್ಲೂ ಕೇಳುವಳು: “ಪೇಪರಲ್ಲಿ ಏನಾದ್ರೂ ಬಂತೇನೇ? ಎದ್ದಳಂತಾ ಅವಳು?” ನಾನು “ಇಲ್ಲ ಅಜ್ಜಿ” ಎನ್ನುತ್ತಿದ್ದೆ. “ರಾಡು ಹಾಕಿರ್ತಾರೆ” ಎನ್ನುವಳು, ತನಗೇ ಹೇಳಿಕೊಳ್ಳುವ ಹಾಗೆ.

ಸೆಪ್ಟೆಂಬರಿನಲ್ಲಿ ಕೊಪ್ಪದ ಯುವಕ ಸಂಘವೊಂದು ಪ್ರತಿವರ್ಷ ಕಬಡ್ಡಿ ಪಂದ್ಯ ನಡೆಸುತ್ತಿತ್ತು. ಹೈಸ್ಕೂಲು ಹುಡುಗಿಯರಿಗೆ ಮಾತ್ರ; ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಮೂರು ತಾಲೂಕಿನ ಮೂರು ತಂಡಗಳು. ನಾನು ಹತ್ತನೇ ಕ್ಲಾಸು, ನನಗೆ ಅದೇ ಕೊನೆಯ ಅವಕಾಶ. ಅಪ್ಪ ಶಿವಮೊಗ್ಗಕ್ಕೆ ಮಾಲು ತರಲು ಹೋದಾಗ ಕಾಲ ತುಂಬ ಮುಚ್ಚುವ ಟ್ರ್ಯಾಕ್ ಪ್ಯಾಂಟು, ಉದ್ದ ತೋಳಿನ ಅಂಗಿ ತರಲು ಹೇಳಿದೆ. ಬಣ್ಣ ನೀಲಿಯೇ ಆಗಬೇಕೆಂದೂ ಹೇಳಿದೆ. ಬೆಳೆಯುವ ಹುಡುಗಿ ಎಂದು ಅಪ್ಪ ಒಂದು ಸೈಜು ದೊಡ್ಡದೇ ತಂದ. ಅದನ್ನು ಹಾಕಿಕೊಂಡು ಅಜ್ಜಿಯ ಎದುರು ನಿಂತೆ.

“ಕೊಪ್ಪಕ್ಕೆ ಬರ್ತೀಯಾ ಅಜ್ಜಿ? ನೋಡು, ಮೈತುಂಬ ಹಾಕಿದೀನಿ.”

ಅಜ್ಜಿ ಮೇಲಿಂದ ಕೆಳಗೆ ನೋಡಿದಳು. “ಚೆನ್ನಾಗಿದೆ” ಎಂದಳು. ಆಮೇಲೆ ತನ್ನ ಮಂಡಿಯನ್ನು ಉಜ್ಜುತ್ತ, “ನನ್ನಿಂದ ಎಲ್ಲಿ ಆಗುತ್ತೆ ಪುಟ್ಟಿ. ಹೋಗಿ ಬಾ” ಎಂದಳು. ಸರಿ, ಗುಂಪು ಫೋಟೋ ತೆಗೆಯುತ್ತಾರೆ, ಕಪ್ಪಿನ ಜೊತೆ ನೀಲಿ ಬಟ್ಟೆಯಲ್ಲಿ ನಿಂತ ಫೋಟೋ ತಂದು ಟಿವಿಯ ಮೇಲೇ ಇಡುತ್ತೇನೆ, ಆಗ ಯಾರನ್ನು ನಮ್ಮ ಹುಡುಗಿ ಎನ್ನುತ್ತಾಳೋ ನೋಡೋಣ ಎಂದುಕೊಂಡೆ.

ಕೊಪ್ಪದ ಮೈದಾನ ಹಿಂದಿನ ರಾತ್ರಿಯ ಮಳೆಗೆ ಹದವಾಗಿ ಕಲಸಿದ ಹಿಟ್ಟಾಗಿತ್ತು. ಟೀಚರು ನನ್ನ ಪ್ಯಾಂಟು ನೋಡಿದ್ದೇ ಸಿಡುಕಿದರು.

“ಬಿಚ್ಚೇ ಅದನ್ನ. ಈ ಕೆಸರಲ್ಲಿ ಕಾಲು ಎತ್ಲಿಕ್ಕಾಗುತ್ತಾ?”

“ಮನೇಲಿ ಬಿಡಲ್ಲ ಮಿಸ್. ಅಜ್ಜಿ ಬೈತಾರೆ.”

ಅಜ್ಜಿಗೆ ಹೇಳಿದ್ದಾದ ಮೇಲೆ ಅದು ನನ್ನ ಎರಡನೇ ಸುಳ್ಳು. ಕೊಪ್ಪದವರನ್ನು ಹೇಗೋ ಸೋಲಿಸಿದೆವು. ಫೈನಲ್ಲು ಶೃಂಗೇರಿಯವರ ಮೇಲೆ. ಅವರಲ್ಲಿ ಬೇಗಾರಿನ ಕಡೆಯ ಒಬ್ಬ ಹುಡುಗಿ ಇದ್ದಳು, ಗಿಡ್ಡಗೆ, ಗಟ್ಟಿಗೆ, ಒಂದು ಸಲ ಹಿಡಿದರೆ ಬಿಡುವವಳಲ್ಲ. ಕೊನೆಯ ರೈಡು ನನ್ನದು, ನಾವು ಒಂದು ಪಾಯಿಂಟು ಹಿಂದೆ. ಉಸಿರು ಕಟ್ಟಿ ಒಳಗೆ ಹೋದೆ. ಮೂಲೆಯವಳ ಕೈ ತಾಗಿಸಿದೆ, ಪಕ್ಕದವಳ ಭುಜವನ್ನೂ ತಾಗಿಸಿದೆ. ಎರಡು ಪಾಯಿಂಟು, ಗೆದ್ದೆವು ಎಂದು ನಮ್ಮವರು ಕೂಗಿದ್ದು ಕೇಳಿಸಿತು. ಗೆರೆಯ ಕಡೆ ತಿರುಗಿ ಹಾರಬೇಕು. ನೆನೆದು ಭಾರವಾಗಿ ಕೆಳಗೆ ಇಳಿದಿದ್ದ ಪ್ಯಾಂಟಿನ ಅಂಚು ನನ್ನ ಹಿಮ್ಮಡಿಯ ಕೆಳಗೇ ಸಿಕ್ಕಿತು. ನನ್ನನ್ನು ಯಾರೂ ಹಿಡಿಯಲಿಲ್ಲ, ನನ್ನ ಕಾಲನ್ನು ನಾನೇ ತುಳಿದು ಬಿದ್ದೆ. ಆಮೇಲೆ ಬೇಗಾರಿನವಳು ಬೆನ್ನ ಮೇಲೆ ಬಂದು ಬಿದ್ದಳು, ಅವಳ ಹಿಂದೆ ಉಳಿದವರು. ಚಾಚಿದ ಬೆರಳಿಗೂ ನಡುಗೆರೆಗೂ ಒಂದು ಗೇಣು ದೂರ. ಉಸಿರು ಮುಗಿಯಿತು.

ಎಲ್ಲರೂ ಎದ್ದ ಮೇಲೂ ನಾನು ಏಳಲಿಲ್ಲ. ಕೆಸರಿನಲ್ಲಿ ಮುಖ ಹುದುಗಿಸಿ ಮಲಗಿದ್ದೆ. ಬೇಗಾರಿನವಳೇ ಬಂದು ಕೈ ನೀಡಿ, “ಏಳೇ” ಎಂದಳು. ನಾನು ಅವಳ ಕೈ ತಳ್ಳಿದೆ. ಫೋಟೋಕ್ಕೂ ನಿಲ್ಲಲಿಲ್ಲ.

ಮನೆಗೆ ಬಂದಾಗ ಕೆಸರು ಒಣಗಿ ಪ್ಯಾಂಟು ಹಪ್ಪಳದಂತಾಗಿತ್ತು. ಕುಂಟುತ್ತಿದ್ದೆ. ಅಜ್ಜಿ ಗೆದ್ದೆಯಾ ಎಂದು ಕೇಳಲಿಲ್ಲ. “ಎಂಥ ಆಯ್ತೇ ಕಾಲಿಗೆ? ಬಾ ಇಲ್ಲಿ” ಎಂದು ಕೂಗಿದ ದನಿಗೆ ಅಪ್ಪ ಅಂಗಡಿಯಿಂದ ಓಡಿಬಂದ. ನನ್ನನ್ನು ಕುರ್ಚಿಯ ಎದುರು ನಿಲ್ಲಿಸಿಕೊಂಡು, ಪಾದದಿಂದ ಸೊಂಟದ ತನಕ ಎರಡೂ ಕಾಲನ್ನು ಕೆಸರಿನ ಬಟ್ಟೆಯ ಮೇಲಿಂದಲೇ ಒತ್ತಿ ಒತ್ತಿ ನೋಡಿದಳು. “ಆ ಹುಡುಗಿ ಹಾಗೇ ಆಗ್ಬಿಡ್ತೇನೋ ಅಂತ” ಎಂದಳು.

ಅವಳ ತೊಡೆಯ ಮೇಲೆ ಬಿದ್ದು ಎಲ್ಲ ಹೇಳಿಬಿಡಬೇಕು ಎನ್ನಿಸಿತು. ಆದರೆ ನನ್ನ ಕಾಲು ಮುಟ್ಟುವಾಗಲೂ ಅಜ್ಜಿಗೆ ನೆನಪಾದದ್ದು ಅವಳು. ಕಾಲು ಎಳೆದುಕೊಂಡು ಬಚ್ಚಲಿಗೆ ಹೋದೆ.

ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದು ಮತ್ತೆ ಏಪ್ರಿಲ್ ಬಂತು. ಒಂದು ಮಧ್ಯಾಹ್ನ ನಾನು ಬಾವಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದೆ. ಒಳಗಿಂದ ಅಜ್ಜಿಯ ಕೂಗು.

“ಬಾರೇ! ಬೇಗ ಬಾ! ನೋಡಿಲ್ಲಿ!”

ಒದ್ದೆ ಕೈಯಲ್ಲೇ ಓಡಿದೆ. ಅಮ್ಮ ಚಾನೆಲ್ಲು ತಿರುಗಿಸುವಾಗ ಸಿಕ್ಕಿತಂತೆ. ಬಿಳಿ ನೆಲ, ಸುತ್ತ ಜನ, ನೀಲಿ ಅಂಗಿಯವರು. ಗೋಲಿನಲ್ಲಿ ಎರಡು ದೊಡ್ಡ ಹಾಸಿಗೆಗಳು. ಅದು ಅವಳೇ ಆಗಿದ್ದ ಪಕ್ಷದಲ್ಲಿ ನನ್ನ ಬಣ್ಣ ಬಯಲಾಯಿತು. ಅದು ಅವಳೇನೋ, ಬೇರೆ ಯಾರೋ, ದೇವರಿಗೇ ಗೊತ್ತು. ಜಾಳಿಗೆಯ ಹಿಂದೆ ಯಾರಿದ್ದಾರೆಂದು ಹೇಗೆ ತಿಳಿಯುತ್ತದೆ? ಅಜ್ಜಿ ಏನು ಕೇಳುತ್ತಾಳೋ ಎಂದು ನಾನು ಬಾಗಿಲಲ್ಲೇ ನಿಂತೆ.

ಅಜ್ಜಿಯ ಕಣ್ಣಲ್ಲಿ ನೀರು ತುಂಬಿತ್ತು. “ಎದ್ದಿದ್ದಾಳೆ ನೋಡೇ” ಎಂದಳು. “ಮುರಿದ ಕಾಲೇ ಅದು! ಒಂದೇ ವರ್ಷಕ್ಕೆ ಹೇಗೆ ಓಡಾಡ್ತಾಳೆ ನೋಡು! ನಂಗೆ ಎರಡು ವರ್ಷ ದಾಟ್ತು.”

ಅಷ್ಟರಲ್ಲಿ ಟಿವಿಯವಳು ಮಂಡಿಯೂರಿ ಬಿದ್ದಳು, ಎದ್ದಳು. ಅಜ್ಜಿ ಅಮ್ಮನಿಗೆ, “ತಾ ಅದನ್ನ” ಎಂದಳು. ಅಮ್ಮ ವಾಕರಿನ ಮೇಲಿನ ಟವೆಲುಗಳನ್ನು ನೆಲಕ್ಕೆ ಎಸೆದು ತಂದು ಮುಂದಿಟ್ಟಳು. ಅಜ್ಜಿ ಅದನ್ನು ಹಿಡಿದು ಹಲ್ಲು ಕಚ್ಚಿ, ಯಾರ ಹೆಗಲನ್ನೂ ಮುಟ್ಟದೆ ಎದ್ದು ನಿಂತಳು. ಅಮ್ಮ ಅತ್ತಳು. ನನಗೂ ಅಳು ಬಂತು. ಅದರಲ್ಲಿ ಸಂತೋಷ ಅರ್ಧ. ನನ್ನ ಸುಳ್ಳು ಸಿಕ್ಕಿಬೀಳಲಿಲ್ಲ ಎನ್ನುವ ನಿರಾಳವೂ ಸ್ವಲ್ಪ ಇತ್ತು. ಉಳಿದದ್ದು ಹಳೆಯದೇ: ಈ ಸಲವೂ ಅಜ್ಜಿ ಎದ್ದದ್ದು ಅವಳಿಗಾಗಿ.

ಆ ದಿನ ನಡುಮನೆಯ ಬಾಗಿಲ ತನಕ ನಡೆದಳು. ವಾರದಲ್ಲಿ ಅಂಗಡಿಯ ತನಕ. ಮೇ ತಿಂಗಳು ಮುಗಿಯುವ ಹೊತ್ತಿಗೆ ಬೀದಿಗೆ ಇಳಿದಳು. ಮಳೆ ಹಿಡಿಯುವ ಮೊದಲು ಒಂದು ಸಂಜೆ, ವಾಕರ್ ಟಕ್ ಟಕ್ ಎನ್ನಿಸುತ್ತ, ನಾಲ್ಕು ಕಡೆ ನಿಂತು ಸುಧಾರಿಸಿಕೊಂಡು, ನನ್ನ ಜೊತೆ ಮೈದಾನದ ಗೇಟಿನ ತನಕ ಬಂದಳು. ಅಲ್ಲಿಯ ಕಲ್ಲು ಬೆಂಚಿನ ಮೇಲೆ ಕೂತಳು. ಒಳಗೆ ಎಂಟನೇ ಕ್ಲಾಸಿನ ಹುಡುಗಿಯರು ಕಬಡ್ಡಿ ಆಡುತ್ತಿದ್ದರು, ಎಲ್ಲರೂ ಚಡ್ಡಿಯಲ್ಲಿ. ಅಜ್ಜಿ ಏನು ಹೇಳುತ್ತಾಳೋ ಎಂದು ಕಾದೆ. ಅವಳು ಅವರನ್ನೇ ತುಂಬ ಹೊತ್ತು ನೋಡಿದಳು.

“ಕೊಪ್ಪದ ಪಂದ್ಯ ಯಾವಾಗ್ಲೇ?”

“ಯಾವ ಪಂದ್ಯ?”

“ನಿಂದೇ. ಈ ಸಲ ಬರ್ತೀನಿ ಕಣೇ. ಹೋದ ಸಲನೇ ಬರ್ಬೇಕು ಅಂತ ಇದ್ದೆ. ನಿಂಗೆ ಹೇಳ್ದೆ ಎದ್ದು ನಿಲ್ಲೋದು ಕಲ್ತು, ಆಟೋ ಇಳಿದು ನಡ್ಕೊಂಡು ಬಂದು ಕೂತ್ಕೋಬೇಕು ಅಂತ. ಅಷ್ಟರಲ್ಲಿ ಆ ಹುಡುಗಿ ಕಾಲು ಮುರ್ಕೊಂಡ್ಲು. ಅಷ್ಟು ಗಟ್ಟಿ ಇರೋಳಿಗೇ ಹಾಗಾದ್ರೆ ನನ್ನ ಗತಿ ಎಂತ ಅಂತ ಧೈರ್ಯನೇ ಹೋಯ್ತು.”

ನಾನು ಬೆಂಚಿನ ಪಕ್ಕದ ಹುಲ್ಲು ಕಿತ್ತೆ. “ಚಡ್ಡಿ ಹಾಕ್ತಾರೆ ಅಂತ ನೀನು ಬರ್ಲಿಲ್ಲ” ಎಂದೆ.

“ಚಡ್ಡಿಯಂತೆ! ಅದನ್ನ ಇನ್ನೂ ಇಟ್ಕೊಂಡಿದೀಯಾ?” ಅಜ್ಜಿ ನಕ್ಕಳು. “ಊರೋರ ಮುಂದೆ ಕುರ್ಚಿ ಸಮೇತ ಎತ್ಕೊಂಡು ಹೋಗ್ಲಿಕ್ಕೆ ನಾನೇನು ಉತ್ಸವ ಮೂರ್ತಿಯಾ? ನಾಚ್ಕೆ ಆಗಲ್ವಾ? ಹಾಗಂತ ಹೇಳ್ಲಿಕ್ಕೂ ಆಗ್ಲಿಲ್ಲ, ಬಾಯಿಗೆ ಬಂದಿದ್ದು ಹೇಳಿದೆ. ಇರ್ಲಿ, ಯಾವತ್ತು ಪಂದ್ಯ, ಹೇಳು.”

“ಇನ್ನಿಲ್ಲ ಅಜ್ಜಿ” ಎಂದೆ. “ಅದು ಹೈಸ್ಕೂಲಿನವರಿಗೆ ಮಾತ್ರ. ನಂದು ಮುಗೀತು. ಕಾಲೇಜಲ್ಲಿ ಹುಡುಗೀರ ಟೀಮಿಲ್ಲ.”

“ಮುಗೀತಾ?”

“ಹೂಂ.”

ಅಜ್ಜಿ ನನ್ನ ಕಾಲುಗಳನ್ನು ನೋಡಿದಳು, ಆಮೇಲೆ ಮೈದಾನವನ್ನು. ಒಳಗೆ ಒಬ್ಬಳು ಬಿದ್ದಿದ್ದಳು. ಅವಳು ಎದ್ದು ಮಣ್ಣು ಕೊಡವಿಕೊಳ್ಳುವ ತನಕ ಅಜ್ಜಿ ಕಣ್ಣು ತೆಗೆಯಲಿಲ್ಲ.

“ಆ ಹಾಸಿಗೆ ಕಾಲಿನವಳದ್ದು ಯಾವಾಗ?”

“ಬರೋ ಏಪ್ರಿಲ್.”

“ಸರಿ ಹಾಗಾದ್ರೆ” ಎಂದಳು ಅಜ್ಜಿ, ವಾಕರ್ ಎಳೆದುಕೊಂಡು ಏಳುತ್ತ. “ಅವಳದ್ದೇ ನೋಡೋದು.”

ನಾನು ಆ ಸುಳ್ಳಿನ ವಿಷಯ ಹೇಳಲಿಲ್ಲ. ಆ ಸಂಜೆಯೂ ಹೇಳಲಿಲ್ಲ, ಆಮೇಲೂ ಇಲ್ಲ. ದಾರಿಯಲ್ಲಿ ವಾಕರಿಗೆ ಅಡ್ಡ ಬರುವ ಕಲ್ಲುಗಳನ್ನು ಕಾಲಿನಿಂದ ಸರಿಸುತ್ತ ಪಕ್ಕದಲ್ಲಿ ನಡೆದು ಬಂದೆ.